ನಿಯತ್ತು ಮತ್ತು ನಾಲಗೆ

ನಾವು ದಿನವೂ ಬಳಸುವ, ಬಳಸುವಾಗ ಅದರ ಮೂಲವನ್ನು ನೆನೆಯದ ಒಂದು ಮಾತು 'ನಿಯತ್ತು'. ನಿಯತ್ತಿನ ಮನುಷ್ಯ ಎನ್ನುತ್ತೇವೆ. ನಾಯಿಗಿರುವ ನಿಯತ್ತು ಮನುಷ್ಯನಿಗಿಲ್ಲ ಎಂದು ನಿಟ್ಟುಸಿರು ಬಿಡುತ್ತೇವೆ. ಈ ಶಬ್ದ ಅರಬ್ಬಿಯದು. ಅಲ್ಲಿ 'ನಿಯ್ಯತ್' ಎಂದರೆ ಮನಸ್ಸಿನ ಸಂಕಲ್ಪ. ಕೋರ್ಟಿನ ವಾರಂಟು ಹಿಡಿದು ಜಪ್ತಿಗೆ ಬರುವ 'ಅಮೀನ'ನೂ ಅಲ್ಲಿಂದಲೇ ಬಂದವನು. ಸಾಲಗಾರರು ಅವನನ್ನು ಕಂಡು ಹೆದರಿದರೂ ಆ ಪದದ ಅರ್ಥ ಮಾತ್ರ ನಂಬಿಕೆಗೆ ಅರ್ಹನಾದವನು ಎಂದೇ. 'ಅಮಾನತು' ಎಂಬುದನ್ನು ಈಗ ಸರ್ಕಾರಿ ನೌಕರನನ್ನು ತಾತ್ಕಾಲಿಕವಾಗಿ ಕೆಲಸದಿಂದ ದೂರವಿಡುವುದಕ್ಕೆ ಹೇಳುತ್ತೇವೆ. ಮೂಲದಲ್ಲಿ ಅದು ಒಬ್ಬರನ್ನು ನಂಬಿ ಅವರ ಕೈಯಲ್ಲಿಟ್ಟ ಒಡವೆ. ಅಮೀನ್, ಅಮಾನತ್, ಈಮಾನ್ ಮೂರೂ ಒಂದೇ ಧಾತುವಿನಿಂದ ಹೊರಟವು. ಈಮಾನ್ ಎಂದರೆ ದೇವರಲ್ಲಿಡುವ ಶ್ರದ್ಧೆ. ದೇವರನ್ನು ನಂಬುವುದಕ್ಕೂ ನೆರೆಯವನು ನಂಬಿ ಕೊಟ್ಟದ್ದನ್ನು ಕಾಯುವುದಕ್ಕೂ ಆ ಭಾಷೆ ಒಂದೇ ಬೇರನ್ನು ಇಟ್ಟುಕೊಂಡಿದೆ.

ಶ್ರೋತೃಗಳೆ, ನಾನು ಅರಬ್ಬಿ ಬಲ್ಲವನಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು. ರಾಘವಾಂಕನ ಹರಿಶ್ಚಂದ್ರನನ್ನು ಬೋಧಿಸುವಾಗ ವರ್ಷಕ್ಕೊಬ್ಬ ಹುಡುಗನಾದರೂ ಎದ್ದು ನಿಂತು, ಒಂದೇ ಒಂದು ಸುಳ್ಳು ಹೇಳಿಬಿಟ್ಟಿದ್ದರೆ ಹೆಂಡತಿ ಮಗನಿಗೆ ಆ ಪಾಡು ಬರುತ್ತಿರಲಿಲ್ಲವಲ್ಲ ಸಾರ್ ಎಂದು ಕೇಳುತ್ತಿದ್ದ. ಆ ಪ್ರಶ್ನೆಯ ಬೆನ್ನುಹತ್ತಿ ಬೇರೆ ಬೇರೆ ಧರ್ಮಗಳ ನೀತಿಗ್ರಂಥಗಳನ್ನು ಅನುವಾದಗಳಲ್ಲಿ ಓದುತ್ತ ಬಂದೆ. ಇಸ್ಲಾಮಿನ ಬಗ್ಗೆ ನಮ್ಮ ಜಗಲಿಗಳಲ್ಲಿ ಓಡಾಡುವ ಮಾತೊಂದುಂಟು: ಆ ಧರ್ಮದಲ್ಲಿ ಸುಳ್ಳಿಗೆ ಅನುಮತಿ ಇದೆಯಂತೆ ಎಂದು. ಇದೆ. ಎಲ್ಲಿ, ಎಷ್ಟು, ಯಾವ ಬೇಲಿಯೊಳಗೆ ಎಂಬುದನ್ನು ಮುಂದೆ ನೋಡೋಣ. ಆದರೆ ಅನುಮತಿಯಿಂದಲೇ ಆರಂಭಿಸಿದರೆ ಮನೆಯೊಂದನ್ನು ಹಿತ್ತಿಲ ಬಾಗಿಲಿನಿಂದ ಹೊಕ್ಕು ನೋಡಿದ ಹಾಗಾದೀತು.

ಪ್ರವಾದಿ ಮುಹಮ್ಮದರಿಗೆ ಪ್ರವಾದಿಪದವಿಗಿಂತ ಮೊದಲೇ ಮಕ್ಕಾ ನಗರದ ಜನ ಇಟ್ಟ ಹೆಸರು ಅಲ್-ಅಮೀನ್. ಅವರ ಬೋಧನೆ ಆರಂಭವಾದ ಮೇಲೆ ಅದೇ ಜನ ಅವರ ವೈರಿಗಳಾದರು. ಆದರೂ ತಮ್ಮ ಒಡವೆ ವಸ್ತುಗಳನ್ನು ಅವರ ಬಳಿ ಇಡುವುದನ್ನು ಬಿಡಲಿಲ್ಲ. 622ರಲ್ಲಿ ಕೊಲೆಯ ಸಂಚಿನಿಂದ ಪಾರಾಗಿ ಮದೀನಾಕ್ಕೆ ಹೊರಟಾಗ ಪ್ರವಾದಿ ತಮ್ಮ ಚಿಕ್ಕಪ್ಪ-ದೊಡ್ಡಪ್ಪಂದಿರ ಮಕ್ಕಳಲ್ಲಿ ಒಬ್ಬರಾದ ಅಲೀ ಅವರನ್ನು ಹಿಂದೆ ಬಿಟ್ಟುಹೋದರು. ಆ ಅಮಾನತುಗಳನ್ನೆಲ್ಲ ಅವರವರಿಗೆ ಹಿಂದಿರುಗಿಸಿ ಬರಲೆಂದು. ಕತ್ತಿ ಹಿರಿದು ಬಂದವರ ಗಂಟೂ ಆ ಮನೆಯೊಳಗೇ ಇದ್ದೀತು!

ವೈರಿಯ ಬಾಯಿಂದ ಬಂದ ಇನ್ನೊಂದು ಸಾಕ್ಷ್ಯವನ್ನು ಬುಖಾರಿಯವರ (810–870) ಹದೀಸ್ ಸಂಕಲನದ ಮೊದಲ ಅಧ್ಯಾಯದಲ್ಲೇ ಓದಬಹುದು. ಹದೀಸ್ ಎಂದರೆ ಪ್ರವಾದಿಯ ನಡೆನುಡಿಗಳ ವರದಿ. 628ರ ಹುದೈಬಿಯಾ ಒಪ್ಪಂದದ ತರುವಾಯ ಮಕ್ಕಾದ ಮುಖಂಡ ಅಬೂ ಸುಫ್ಯಾನ್ ವ್ಯಾಪಾರಕ್ಕೆಂದು ಸಿರಿಯಾದ ಕಡೆ ಹೋಗಿದ್ದರು. ಆಗಿನ್ನೂ ಅವರು ಪ್ರವಾದಿಯ ಕಟ್ಟಾ ವಿರೋಧಿ. ರೋಮನ್ ಚಕ್ರವರ್ತಿ ಹೆರಾಕ್ಲಿಯಸ್ ಅವರನ್ನು ಕರೆಸಿ, ಸಂಗಡಿಗರನ್ನು ಅವರ ಬೆನ್ನಿನ ಹಿಂದೆ ನಿಲ್ಲಿಸಿ, ಇವನು ಸುಳ್ಳು ಹೇಳಿದರೆ ತಿಳಿಸಿ ಎಂದು ತಾಕೀತು ಮಾಡಿ ಮುಹಮ್ಮದರ ಬಗ್ಗೆ ಪ್ರಶ್ನಿಸಿದ. ಸುಳ್ಳುಗಾರನೆಂದು ಊರಿಗೆ ಸುದ್ದಿಯಾದೀತೆಂಬ ನಾಚಿಕೆ ಇಲ್ಲದಿದ್ದರೆ ಅಂದು ಖಂಡಿತ ಸುಳ್ಳು ಹೇಳಿಬಿಡುತ್ತಿದ್ದೆ ಎಂದು ಅಬೂ ಸುಫ್ಯಾನರೇ ಮುಂದೆ ಒಪ್ಪಿಕೊಂಡಿದ್ದಾರೆ. ಆ ಮನುಷ್ಯ ಕೊಟ್ಟ ಮಾತಿಗೆ ತಪ್ಪುವನೆ ಎಂದು ಚಕ್ರವರ್ತಿ ಕೇಳಿದಾಗ ಮಾತ್ರ, ಇಲ್ಲ, ಆದರೆ ಈಗೊಂದು ಒಪ್ಪಂದವಾಗಿದೆ, ಅದನ್ನು ಏನು ಮಾಡುತ್ತಾನೋ ತಿಳಿಯದು ಎಂದು ಒಂದು ಕೊಂಕನ್ನು ಸೇರಿಸಿದರಂತೆ. ಇಡೀ ಸಂಭಾಷಣೆಯಲ್ಲಿ ತಮಗೆ ಸೇರಿಸಲು ಸಾಧ್ಯವಾದದ್ದು ಅಷ್ಟೇ ಎಂದೂ ಹೇಳಿದ್ದಾರೆ. ಜನರ ವಿಷಯದಲ್ಲಿ ಸುಳ್ಳಾಡದವನು ದೇವರ ವಿಷಯದಲ್ಲಿ ಸುಳ್ಳಾಡಲಾರನು ಎಂದು ಹೆರಾಕ್ಲಿಯಸ್ ತರ್ಕಿಸಿದನೆಂದು ಆ ವರದಿ ಹೇಳುತ್ತದೆ.

ಆದರೆ ಈ ಪರಂಪರೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಹಿಡಿದದ್ದು ಒಬ್ಬ ಕವಿಯ ಕಥೆ. ಮದೀನಾದ ಕಅಬ್ ಇಬ್ನ್ ಮಾಲಿಕ್ ಪ್ರವಾದಿಯ ಪರವಾಗಿ ಕವಿತೆ ಕಟ್ಟುತ್ತಿದ್ದವರು. 630ರಲ್ಲಿ ತಬೂಕಿನ ದಂಡಯಾತ್ರೆ ಹೊರಟಿತು. ಕಡುಬೇಸಗೆ, ದೂರದ ದಾರಿ. ಊರಲ್ಲಿ ಹಣ್ಣು ಮಾಗಿ ನೆರಳು ಹಿತವಾಗಿದ್ದ ಕಾಲ. ಕಅಬರಿಗೆ ಹೋಗಬಾರದೆಂದಿರಲಿಲ್ಲ. ಬೆಳಿಗ್ಗೆ ಸಿದ್ಧತೆಗೆಂದು ಹೊರಡುವರು, ಏನೂ ಮಾಡದೆ ಮನೆಗೆ ಮರಳುವರು. ಬೇಕೆಂದಾಗ ಹೊರಡಬಲ್ಲೆ, ನಾಳೆ ನೋಡೋಣ ಎನ್ನುವರು. ಹಾಗೆನ್ನುತ್ತಿರುವಾಗಲೇ ಸೈನ್ಯ ಕಣ್ಮರೆಯಾಯಿತು. ಬೀದಿಗಿಳಿದರೆ ಕಾಣುತ್ತಿದ್ದವರು ಅಶಕ್ತರು, ಇಲ್ಲವೆ ಕಪಟಿಗಳೆಂದು ಹೆಸರಾದವರು.

ಪ್ರವಾದಿ ಹಿಂದಿರುಗಿ ಮಸೀದಿಯಲ್ಲಿ ಕುಳಿತಾಗ, ಉಳಿದುಕೊಂಡಿದ್ದ ಎಂಬತ್ತಕ್ಕೂ ಮಿಕ್ಕಿದ ಜನ ಒಬ್ಬೊಬ್ಬರಾಗಿ ಬಂದು ಆಣೆಯಿಟ್ಟು ನೆಪ ಹೇಳಿದರು. ಪ್ರವಾದಿ ಅವರ ಹೊರಮಾತನ್ನು ಒಪ್ಪಿ, ಕ್ಷಮೆಗಾಗಿ ಪ್ರಾರ್ಥಿಸಿ, ಒಳಗಿನದನ್ನು ದೇವರಿಗೆ ಬಿಟ್ಟು ಕಳುಹಿಸಿದರು. ಕಅಬರ ಸರದಿ ಬಂತು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ನಮ್ಮ ಗಾದೆ. ಕಅಬ್ ಮಾತು ಬಲ್ಲವರು. ಲೋಕದ ಬೇರಾವ ದೊರೆಯ ಎದುರು ಕುಳಿತಿದ್ದರೂ ನೆಪ ಹೇಳಿ ಪಾರಾಗುವ ಚಾತುರ್ಯ ನನಗಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಆದರೆ ಅಂದು ಆಡಿದ್ದು ಇಷ್ಟು: ನನಗೆ ಯಾವ ಕಾರಣವೂ ಇರಲಿಲ್ಲ, ಈ ಸಲ ಇದ್ದಷ್ಟು ಶಕ್ತಿ, ಅನುಕೂಲ ಎಂದೂ ಇದ್ದಿರಲಿಲ್ಲ. ಇವನು ನಿಜ ಹೇಳಿದ, ದೇವರು ತೀರ್ಪು ಕೊಡುವ ತನಕ ಎದ್ದು ಹೋಗಲಿ ಎಂದರು ಪ್ರವಾದಿ.

ಇಲ್ಲಿ ಕೊಂಚ ನಿಲ್ಲಬೇಕು. ಸುಳ್ಳು ಹೇಳಿದ ಎಂಬತ್ತು ಮಂದಿ ನೆಮ್ಮದಿಯಾಗಿ ಮನೆಗೆ ಹೋದರು. ಶಿಕ್ಷೆಯಾದದ್ದು ನಿಜ ಹೇಳಿದವರಿಗೆ. ಕುಲಬಾಂಧವರು ಹಿಂದೆಯೇ ಬಂದು, ನೀನೂ ಒಂದು ನೆಪ ಹೇಳಬಾರದಿತ್ತೆ ಎಂದು ಎಷ್ಟು ಬೈದರೆಂದರೆ, ತಿರುಗಿ ಹೋಗಿ ನಾನು ಹೇಳಿದ್ದು ಸುಳ್ಳು ಎಂದುಬಿಡಲೆ ಎನ್ನಿಸಿತಂತೆ ಅವರಿಗೆ. ನನ್ನ ಹಾಗೆ ಹೇಳಿದವರು ಇನ್ನಾರಾದರೂ ಇರುವರೆ ಎಂದು ಕೇಳಿದರು. ಇಬ್ಬರಿದ್ದರು: ಮುರಾರಾ ಮತ್ತು ಹಿಲಾಲ್. ಆ ಮೂವರೊಡನೆ ಯಾರೂ ಮಾತಾಡಕೂಡದೆಂದು ಅಪ್ಪಣೆಯಾಯಿತು. ಉಳಿದಿಬ್ಬರು ಮನೆಯಲ್ಲೇ ಕುಳಿತು ಅತ್ತರು. ಕಅಬ್ ಹರೆಯದವರು; ಮಸೀದಿಗೆ ಹೋಗುವರು, ಸಂತೆಯಲ್ಲಿ ತಿರುಗುವರು, ಸಲಾಮು ಹೇಳಿ ಪ್ರವಾದಿಯ ತುಟಿ ಅಲುಗಿತೋ ಇಲ್ಲವೋ ಎಂದು ಓರೆಗಣ್ಣಿನಿಂದ ನೋಡುವರು. ಒಂದು ದಿನ ತಡೆಯಲಾರದೆ, ಪ್ರಾಣಕ್ಕೆ ಪ್ರಾಣವಾದ ದಾಯಾದಿ ಅಬೂ ಕತಾದಾರ ತೋಟದ ಗೋಡೆ ಹತ್ತಿ ಒಳಗೆ ಹೋಗಿ, ನಾನು ದೇವರನ್ನೂ ಪ್ರವಾದಿಯನ್ನೂ ಪ್ರೀತಿಸುವವನೆಂದು ನೀನು ಬಲ್ಲೆಯಷ್ಟೆ ಎಂದು ಮೂರು ಸಲ ಕೇಳಿದರು. ಎರಡು ಸಲ ಉತ್ತರವಿಲ್ಲ. ಮೂರನೆಯ ಸಲ, ದೇವರೇ ಬಲ್ಲ, ಪ್ರವಾದಿಯೇ ಬಲ್ಲರು ಎಂಬಷ್ಟೇ ಉತ್ತರ. ಕಣ್ಣೀರು ಸುರಿಸುತ್ತ ಹಿಂದಿರುಗಿದರು.

ಅಂಥ ಹೊತ್ತಿನಲ್ಲಿ ಸಿರಿಯಾದ ರೈತನೊಬ್ಬ ಸಂತೆಯಲ್ಲಿ ಅವರನ್ನು ಹುಡುಕಿ ಬಂದು ಗಸ್ಸಾನದ ದೊರೆಯ ಪತ್ರವೊಂದನ್ನು ಕೊಟ್ಟ. ನಿನ್ನ ಒಡೆಯ ನಿನ್ನನ್ನು ಕಡೆಗಣಿಸಿದನೆಂದು ಕೇಳಿದೆವು, ನಮ್ಮಲ್ಲಿಗೆ ಬಾ, ಆದರಿಸುತ್ತೇವೆ ಎಂಬುದು ಅದರ ತಾತ್ಪರ್ಯ. ಆಸ್ಥಾನದ ಕರೆ ಎಂದರೆ ಕವಿಗೆ ಏನೆಂದು ಸಾಹಿತ್ಯ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಅಬ್ ಆ ಪತ್ರವನ್ನು ಒಲೆಗೆ ಹಾಕಿದರು. ನಲವತ್ತು ದಿನವಾದ ಮೇಲೆ ಹೆಂಡತಿಯಿಂದಲೂ ದೂರವಿರಬೇಕೆಂಬ ಆಜ್ಞೆ ಬಂತು. ಐವತ್ತನೆಯ ದಿನ ಮುಂಜಾನೆ ಮನೆಯ ಮಾಳಿಗೆಯ ಮೇಲೆ ಪ್ರಾರ್ಥನೆ ಮುಗಿಸಿ ಕುಳಿತಿದ್ದಾಗ ಸಲ್ಅ ಗುಡ್ಡದ ಮೇಲಿಂದ ಯಾರೋ ಕೂಗಿದರು: ಕಅಬ್, ಶುಭವಾಯಿತು! ಕುದುರೆಯೇರಿ ಓಡಿಬಂದವನೊಬ್ಬನಿದ್ದ, ಕೂಗು ಕುದುರೆಗಿಂತ ಮೊದಲು ತಲುಪಿತು. ಮೂವರನ್ನೂ ಕ್ಷಮಿಸಿದ ವಚನ ಇಳಿದಿತ್ತು. ಕುರ್‌ಆನಿನ ಒಂಬತ್ತನೆಯ ಅಧ್ಯಾಯದಲ್ಲಿ ಅದು ಇದೆ. ಸತ್ಯವಂತರ ಜೊತೆಗೂಡಿರಬೇಕೆಂಬ ಆದೇಶ ಅದರ ಬೆನ್ನಿಗೇ ಬರುತ್ತದೆ. ಕಅಬ್ ಮೈಮೇಲಿದ್ದ ಎರಡು ವಸ್ತ್ರಗಳನ್ನೂ ಕೂಗಿದವನಿಗೆ ಕೊಟ್ಟು, ಇನ್ನೊಬ್ಬರಿಂದ ಎರವಲು ಬಟ್ಟೆ ತಂದು ಉಟ್ಟು ಮಸೀದಿಗೆ ಓಡಿದರು. ನಮ್ಮ ಹರಿಶ್ಚಂದ್ರನ ಪರೀಕ್ಷೆ ಮುಗಿದಾಗ ದೇವತೆಗಳು ಪ್ರತ್ಯಕ್ಷರಾಗುತ್ತಾರೆ. ಇಲ್ಲಿ ತಲ್ಹಾ ಎಂಬ ಗೆಳೆಯ ಸಭೆಯಿಂದೆದ್ದು ಬಂದು ಕೈಹಿಡಿಯುತ್ತಾರೆ. ತಲ್ಹಾರ ಆ ಕೈಯನ್ನು ಜನ್ಮಾಂತ್ಯದವರೆಗೆ ಮರೆಯಲಿಲ್ಲ ಎನ್ನುತ್ತಾರೆ ಕಅಬ್. ಮುಪ್ಪಿನಲ್ಲಿ ಕಣ್ಣು ಹೋದ ಮೇಲೆ ತಮ್ಮನ್ನು ಕೈಹಿಡಿದು ನಡೆಸುತ್ತಿದ್ದ ಮಗನಿಗೆ ಅವರು ಹೇಳಿದ ಕಥೆ ಇದು. ತನ್ನ ತಪ್ಪನ್ನು ಒಂದಿಷ್ಟೂ ಬಣ್ಣ ಹಚ್ಚದೆ ಹೇಳಿದ ಇಂಥ ಆತ್ಮಕಥನ ಹಳೆಯ ಸಾಹಿತ್ಯಗಳಲ್ಲಿ ಅಪೂರ್ವ.

ತನಗೆ ವಿರುದ್ಧವಾಗಿ ನಿಜ ಹೇಳುವುದು ಒಂದು ಬಗೆಯ ಕಷ್ಟ. ತನ್ನವರಿಗೆ ವಿರುದ್ಧವಾಗಿ ಹೇಳುವುದು ಬಹುಶಃ ಇನ್ನೂ ಕಷ್ಟ. ಕುರ್‌ಆನಿನ ನಾಲ್ಕನೆಯ ಅಧ್ಯಾಯ ನಿಮ್ಮ ಮೇಲೆಯೇ ಆಗಲಿ, ತಂದೆತಾಯಿ ಬಂಧುಗಳ ಮೇಲೆಯೇ ಆಗಲಿ, ನ್ಯಾಯದ ಸಾಕ್ಷಿಯಾಗಿ ನಿಲ್ಲಬೇಕೆಂದು ವಿಧಿಸುತ್ತದೆ. ಅದೇ ಅಧ್ಯಾಯದ ಕೆಲವು ವಚನಗಳ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು, ಪಾಠಭೇದಗಳೊಡನೆ, ಒಂದು ಕಳವಿನ ಕಥೆ ಹೇಳುತ್ತಾರೆ. ಹೆಚ್ಚು ಪ್ರಚಲಿತವಾದ ಪಾಠ ಇದು: ಮದೀನಾದ ಮುಸ್ಲಿಮರ ಗುಂಪಿಗೆ ಸೇರಿದ ತುಅಮಾ ಎಂಬವನು ಹಿಟ್ಟಿನ ಚೀಲದಲ್ಲಿದ್ದ ಕವಚವನ್ನು ಕದ್ದು ಒಬ್ಬ ಯಹೂದ್ಯನ ಮನೆಯಲ್ಲಿಟ್ಟ. ಚೀಲದ ತೂತಿನಿಂದ ದಾರಿಯುದ್ದಕ್ಕೂ ಹಿಟ್ಟು ಸೋರಿತ್ತು. ಕುಲದವರೆಲ್ಲ ಸೇರಿ ನಮ್ಮವನು ನಿರ್ದೋಷಿ, ಕಳ್ಳ ಯಹೂದ್ಯ ಎಂದು ವಾದಿಸಿದರು. ಪ್ರವಾದಿಯ ಮನಸ್ಸೂ ಅವರ ಮಾತಿನ ಕಡೆಗೆ ವಾಲುವುದರಲ್ಲಿತ್ತು. ಆಗ ಇಳಿದ ವಚನಗಳು, ದ್ರೋಹಿಗಳ ಪರ ವಾದಿಸಬೇಡ ಎಂದು ಪ್ರವಾದಿಯನ್ನೇ ಎಚ್ಚರಿಸಿ, ತನ್ನ ಪಾಪವನ್ನು ನಿರಪರಾಧಿಯ ತಲೆಗೆ ಕಟ್ಟುವವನ ಹೊರೆ ಎಂಥದೆಂದು ಹೇಳಿದವು. ಯಹೂದ್ಯ ಪಾರಾದ. ಹೊಸದಾಗಿ ಕಟ್ಟಿಕೊಳ್ಳುತ್ತಿದ್ದ ಒಂದು ಸಮುದಾಯ, ತನ್ನ ಮಾನ ಕಳೆಯುವ ಈ ಪ್ರಸಂಗವನ್ನು ಮುಚ್ಚಿಡದೆ ತನ್ನ ಧರ್ಮಗ್ರಂಥದ ವ್ಯಾಖ್ಯಾನದಲ್ಲೇ ಉಳಿಸಿಕೊಂಡಿತೆಂಬುದು ನನಗೆ ದೊಡ್ಡ ಸಂಗತಿಯಾಗಿ ತೋರುತ್ತದೆ.

ಸಣ್ಣ ಸುಳ್ಳುಗಳಿಗೂ ಇಲ್ಲಿ ರಿಯಾಯಿತಿ ಇಲ್ಲ. ಬಾ, ಏನೋ ಕೊಡುತ್ತೇನೆ ಎಂದು ಮಗುವನ್ನು ಕರೆದ ತಾಯಿಯನ್ನು ಪ್ರವಾದಿ ಏನು ಕೊಡಬೇಕೆಂದಿದ್ದೀ ಎಂದು ಕೇಳಿದರು. ಖರ್ಜೂರ ಎಂದಳು ಆಕೆ. ಏನೂ ಕೊಡದೆ ಕರೆದಿದ್ದರೆ ಅದು ನಿನ್ನ ಲೆಕ್ಕಕ್ಕೆ ಸುಳ್ಳೆಂದು ಬರೆಯಲ್ಪಡುತ್ತಿತ್ತು ಎಂದರಂತೆ. ಆಯಿಷಾ ಅವರ ಮದುವೆಯ ರಾತ್ರಿ ಹಾಲಿನ ಬಟ್ಟಲನ್ನು ಮುಂದೆ ಹಿಡಿದಾಗ ಹೆಂಗಸರು ಸಂಕೋಚದಿಂದ ಬೇಡ ಎಂದರು. ಹಸಿವಿನ ಜೊತೆಗೆ ಸುಳ್ಳನ್ನೂ ಸೇರಿಸಿಕೊಳ್ಳಬೇಡಿ ಎಂಬ ಅರ್ಥದ ಉತ್ತರ ಬಂತು. ಹಸಿದ ಹೊಟ್ಟೆಯಲ್ಲೇ 'ಈಗಷ್ಟೇ ಊಟ ಮುಗಿಸಿ ಬಂದೆ' ಎಂದು ಹೊಸ್ತಿಲಲ್ಲಿ ನಿಂತು ಹೇಳುವ ನಾವೆಲ್ಲರೂ ಈ ಮಾತಿಗೆ ತಲೆ ತಗ್ಗಿಸಬೇಕಾದವರೇ!

ಇನ್ನು ಅನುಮತಿಯ ಮಾತು. ಉಮ್ಮು ಕುಲ್ಸೂಮ್ ಎಂಬ ಮಹಿಳೆಯ ಮೂಲಕ ಬಂದ ವರದಿಯ ಪ್ರಕಾರ ಮೂರು ಕಡೆ ಸಡಿಲಿಕೆ ಉಂಟು: ಯುದ್ಧದಲ್ಲಿ, ಜಗಳವಾಡಿದವರನ್ನು ಒಂದುಗೂಡಿಸುವಾಗ, ಗಂಡಹೆಂಡಿರ ನಡುವಣ ಮಾತಿನಲ್ಲಿ. ಇದನ್ನೂ ಎಲ್ಲ ವಿದ್ವಾಂಸರು ಒಂದೇ ರೀತಿ ಅರ್ಥಮಾಡಲಿಲ್ಲ. ಇಲ್ಲಿ ಕೂಡ ಅನುಮತಿ ಇರುವುದು ಎರಡರ್ಥದ ಮಾತಿಗೆ, ನೇರ ಸುಳ್ಳಿಗಲ್ಲ ಎಂದು ಇತಿಹಾಸಕಾರರೂ ವ್ಯಾಖ್ಯಾನಕಾರರೂ ಆದ ತಬರಿಯವರಂಥವರು ವಾದಿಸಿದರು. ಇದನ್ನು ಆಳವಾಗಿ ಚರ್ಚಿಸಿದವರು ಗಜ್ಜಾಲಿ (1058–1111). 'ಇಹ್ಯಾ ಉಲೂಮ್ ಅದ್ದೀನ್' ಎಂಬ ಅವರ ಮಹಾಗ್ರಂಥದಲ್ಲಿ ನಾಲಗೆಯ ಕೇಡುಗಳಿಗೇ ಒಂದು ಭಾಗ ಮೀಸಲು. ಅವರ ತರ್ಕ ಸರಳ. ಮಾತು ಒಂದು ಗುರಿಯ ಕಡೆಗಿನ ದಾರಿ. ಒಳ್ಳೆಯ ಗುರಿಯೊಂದನ್ನು ನಿಜ ಹೇಳಿಯೂ ಮುಟ್ಟಬಹುದಾದರೆ ಸುಳ್ಳು ನಿಷಿದ್ಧ. ಸುಳ್ಳಿನಿಂದ ಮಾತ್ರ ಮುಟ್ಟಬಹುದಾದರೆ ಗುರಿ ಎಷ್ಟು ದೊಡ್ಡದೆಂದು ತೂಗಬೇಕು. ದುಷ್ಟನಿಂದ ತಪ್ಪಿಸಿಕೊಂಡ ನಿರಪರಾಧಿ ನಿಮ್ಮ ಮನೆಯಲ್ಲಿ ಅಡಗಿದ್ದಾಗ, ಅವನು ಎಲ್ಲಿ ಎಂದು ಕೇಳುತ್ತ ಬಂದವನಿಗೆ ಸುಳ್ಳು ಹೇಳುವುದು ಬರೀ ಅನುಮತಿಯಲ್ಲ, ಕರ್ತವ್ಯ.

ಈ ಬಾಗಿಲನ್ನು ನಾವು ಬೇರೆಡೆಯೂ ಕಂಡಿದ್ದೇವೆ. ಮಹಾಭಾರತದ ಕರ್ಣಪರ್ವದಲ್ಲಿ ಸತ್ಯವ್ರತಿಯಾದ ಕೌಶಿಕನೆಂಬ ತಪಸ್ವಿ, ಓಡಿಹೋದವರ ದಾರಿಯನ್ನು ದರೋಡೆಗಾರರಿಗೆ ತೋರಿಸಿ ಆ ಸತ್ಯಕ್ಕಾಗಿಯೇ ನರಕಕ್ಕೆ ಹೋಗುತ್ತಾನೆ; ಅರ್ಜುನನಿಗೆ ಕೃಷ್ಣ ಹೇಳುವ ಕಥೆ ಅದು. 1797ರಲ್ಲಿ ಜರ್ಮನಿಯ ಕಾಂಟ್ ಮಾತ್ರ, ಕೊಲೆಗಡುಕ ಬಾಗಿಲು ತಟ್ಟಿದರೂ ಸುಳ್ಳಾಡುವ ಹಕ್ಕು ಯಾರಿಗೂ ಇಲ್ಲ ಎಂದ. ಕೃಷ್ಣನೂ ಗಜ್ಜಾಲಿಯೂ ಒಂದು ಕಡೆ, ಕಾಂಟ್ ಇನ್ನೊಂದು ಕಡೆ. ನನ್ನ ಮನಸ್ಸು ಯಾವ ಕಡೆಗೆಂದು ಹೇಳಬೇಕಿಲ್ಲ. ಆ ಮನೆಯೊಳಗೆ ಅಡಗಿ ಕುಳಿತವನು ನಾನೇ ಎಂದು ಊಹಿಸಿಕೊಂಡರೆ ಸಾಕು.

ಆದರೆ ಗಜ್ಜಾಲಿ ಬಾಗಿಲು ತೆರೆದ ಮರುಕ್ಷಣವೇ ಅಗುಳಿಯ ಮಾತೂ ಆಡುತ್ತಾರೆ. ಒಮ್ಮೆ ಈ ದಾರಿ ಬಿಟ್ಟರೆ ಮನಸ್ಸು ಅಗತ್ಯವಿಲ್ಲದೆಡೆಯೂ ಇತ್ತ ಓಡುತ್ತದೆ. ಸಂದೇಹ ಬಂದರೆ ನಿಜದ ಕಡೆಗೇ ನಿಲ್ಲಬೇಕು. ಜನ ಹೇಳುವ ಸುಳ್ಳುಗಳಲ್ಲಿ ಬಹುಪಾಲು ಹಣಕ್ಕಾಗಿ, ಅಂತಸ್ತಿಗಾಗಿ ಎನ್ನುತ್ತಾರೆ. ಎರಡರ್ಥದ ಮಾತಿಗೆ ಅವರು ಕೊಡುವ ಉದಾಹರಣೆ ಸ್ವಾರಸ್ಯವಾಗಿದೆ. ಬೇಡದ ಅತಿಥಿ ಬಂದಾಗ ಶಅಬೀ ಎಂಬ ಪಂಡಿತರು ನೆಲದ ಮೇಲೆ ಒಂದು ವೃತ್ತ ಬರೆದು, ಅದರೊಳಗೆ ಬೆರಳಿಟ್ಟು 'ಇಲ್ಲಿಲ್ಲ' ಎಂದು ಹೇಳು ಎಂದು ಸೇವಕಿಗೆ ಕಲಿಸುತ್ತಿದ್ದರಂತೆ. ಅಶ್ವತ್ಥಾಮನೆಂಬ ಆನೆ ಸತ್ತಿತೆಂದ ನಮ್ಮ ಧರ್ಮರಾಯನ ಬಂಧುವೇ ಸರಿ! ಧರ್ಮರಾಯನ ರಥ ಅಂದು ನೆಲಕ್ಕಿಳಿಯಿತು. ಗಜ್ಜಾಲಿಯೂ ಇಂಥ ಜಾಣ್ಮೆಯನ್ನು ಅಗತ್ಯವಿಲ್ಲದೆಡೆ ಮೆಚ್ಚುವುದಿಲ್ಲ. ಕೇಳುವವನ ಮನಸ್ಸಿನಲ್ಲಿ ಮೂಡುವುದು ಸುಳ್ಳೇ ತಾನೆ?

ಪ್ರಾಣಭಯದಲ್ಲಿ ಧರ್ಮವನ್ನು ಮರೆಮಾಚುವ 'ತಕಿಯ್ಯಾ' ಕುರಿತು ಅನೇಕ ಅಪಾರ್ಥಗಳುಂಟು. ಅದರ ಮೂಲದಲ್ಲಿರುವುದು ಅಮ್ಮಾರ್ ಎಂಬ ಯುವಕನ ಕಥೆ. ತಂದೆ ಯಾಸಿರ್, ತಾಯಿ ಸುಮಯ್ಯಾ ಮಕ್ಕಾದಲ್ಲಿ ಚಿತ್ರಹಿಂಸೆಯಿಂದ ಸತ್ತರು. ಅಮ್ಮಾರ್ ನೋವು ತಾಳಲಾರದೆ ಹಿಂಸಕರು ಕೇಳಿದ ಮಾತನ್ನು ಆಡಿ, ಅಳುತ್ತ ಬಂದರು. ಒಳಗಿನ ಶ್ರದ್ಧೆ ಕದಲದಿದ್ದರೆ ಬಲಾತ್ಕಾರದ ಮಾತಿಗೆ ದೋಷವಿಲ್ಲ ಎಂದಾಯಿತು. ಕಾಲಕಾಲಕ್ಕೆ ದಮನಕ್ಕೊಳಗಾದ ಶಿಯಾ ಸಮುದಾಯದಲ್ಲಿ ಈ ವಿಚಾರ ಹೆಚ್ಚು ಬೆಳೆದದ್ದು ಸಹಜ. ಸ್ಪೇನಿನಲ್ಲಿ ಮುಸ್ಲಿಮರನ್ನು ಬಲವಂತದಿಂದ ಮತಾಂತರಿಸಿದಾಗ, 1504ರಲ್ಲಿ ಉತ್ತರ ಆಫ್ರಿಕಾದ ಮುಫ್ತಿಯೊಬ್ಬರು ಬರೆದುಕೊಟ್ಟ ಫತ್ವಾ ಅವರಿಗೆ ಉಳಿಸಿದ್ದು ನಿಯತ್ತೊಂದನ್ನೇ: ಮೈ ಎಲ್ಲಿ ಬಾಗಿದರೂ ಮನಸ್ಸಿನ ಸಂಕಲ್ಪ ನಿಮ್ಮದಾಗಿರಲಿ ಎಂದು. ಕೊರಳ ಮೇಲೆ ಕತ್ತಿಯಿದ್ದವನಿಗೆ ಕೊಟ್ಟ ಈ ಆಸರೆಯನ್ನು ಸಂತೆಯಲ್ಲಿ ತೂಕ ತಪ್ಪಿಸುವವನ ಪರವಾನಗಿ ಎಂದು ಓದುವುದು ನ್ಯಾಯವಲ್ಲ.

ಸುಳ್ಳಿನ ವಿಷಯದಲ್ಲಿ ಇಸ್ಲಾಮಿನ ವಿದ್ವಾಂಸರು ನಿಜವಾಗಿ ಹೆದರಿದ್ದು ಈ ಬಡಪಾಯಿಗಳಿಗಲ್ಲ, ಭಕ್ತರಿಗೆ. ಪ್ರವಾದಿಯ ಹೆಸರಿನಲ್ಲಿ ಸುಳ್ಳು ವರದಿಗಳು ಹುಟ್ಟತೊಡಗಿದಾಗ, ಯಾರಿಂದ ಕೇಳಿದೆ, ಅವನು ಯಾರಿಂದ ಕೇಳಿದ ಎಂದು ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ತಟ್ಟಿ ನೋಡುವ ಒಂದು ಶಾಸ್ತ್ರವೇ ಬೆಳೆಯಿತು. ಇದರಲ್ಲಿ ಘಟಾನುಘಟಿಯಾದ ಯಹ್ಯಾ ಅಲ್-ಕತ್ತಾನ್ (ಮರಣ 813), ಸಜ್ಜನರು ಹದೀಸಿನ ವಿಷಯದಲ್ಲಿ ಹೇಳುವಷ್ಟು ಸುಳ್ಳನ್ನು ಬೇರೆಲ್ಲೂ ಹೇಳುವುದನ್ನು ತಾನು ಕಂಡಿಲ್ಲವೆಂದರಂತೆ. ಮರ್ವ್ ನಗರದ ನ್ಯಾಯಾಧೀಶ ನೂಹ್ ಇಬ್ನ್ ಅಬೀ ಮರ್ಯಮ್ ಕುರ್‌ಆನಿನ ಅಧ್ಯಾಯ ಅಧ್ಯಾಯಕ್ಕೂ ಫಲಶ್ರುತಿ ಕಟ್ಟಿ ಪ್ರವಾದಿಯ ಬಾಯಿಗೆ ಹಾಕಿದನೆಂದೂ, ಜನ ಕಾನೂನು, ಕಥೆಗಳಲ್ಲಿ ಮುಳುಗಿ ಕುರ್‌ಆನನ್ನು ಮರೆತಿದ್ದರಿಂದ ಪುಣ್ಯಕ್ಕಾಗಿ ಹೀಗೆ ಮಾಡಿದೆನೆಂದು ಒಪ್ಪಿಕೊಂಡನೆಂದೂ ಹದೀಸ್ ಶಾಸ್ತ್ರಗ್ರಂಥಗಳು ಹೇಳುತ್ತವೆ. ಅವನಿಗೆ 'ಎಲ್ಲವನ್ನೂ ಕೂಡಿಸಿದವನು' ಎಂಬ ಬಿರುದಿತ್ತು. ಸತ್ಯವೊಂದನ್ನು ಬಿಟ್ಟು ಎಂದು ವಿಮರ್ಶಕರು ಅದಕ್ಕೆ ಬಾಲ ಸೇರಿಸಿದರು. ಖುರಾಸಾನದ ಕರ್ರಾಮಿಯಾ ಪಂಥದ ಕೆಲವರ ವಾದವಂತೂ ವ್ಯಾಕರಣದ್ದು. ಪ್ರವಾದಿಯ 'ಮೇಲೆ' ಸುಳ್ಳು ಕಟ್ಟುವವನಿಗೆ ನರಕವೆಂದು ಹದೀಸಿದೆ. ನಾವು ಕಟ್ಟುವುದು ಅವರ 'ಪರವಾಗಿ', ಆದ್ದರಿಂದ ನಮಗದು ತಟ್ಟದು ಎಂದರು! ಒಂದು ವಿಭಕ್ತಿಯ ಸಂದಿನಲ್ಲಿ ನರಕದಿಂದ ನುಸುಳಲು ನೋಡಿದ ಇವರನ್ನು ಶಾಸ್ತ್ರಕಾರರು ಕ್ಷಮಿಸಲಿಲ್ಲ. ಬಾಗ್ದಾದಿನ ಇಬ್ನ್ ಅಲ್-ಜೌಜಿ (ಮರಣ 1201) ಇಂಥ ಕಟ್ಟುಕಥೆಗಳನ್ನೇ ಒಟ್ಟುಹಾಕಿ ಗ್ರಂಥ ಬರೆದರು.

ಬಾಗ್ದಾದಿನ ಮಸೀದಿಯೊಂದರಲ್ಲಿ ಕಥೆಗಾರನೊಬ್ಬ ಅಹ್ಮದ್ ಇಬ್ನ್ ಹಂಬಲ್ ಮತ್ತು ಯಹ್ಯಾ ಇಬ್ನ್ ಮಈನ್ ಎಂಬ ಮಹಾವಿದ್ವಾಂಸರ ಹೆಸರೆತ್ತಿ ಅದ್ಭುತವಾದ ಹದೀಸೊಂದನ್ನು ಹೇಳುತ್ತಿದ್ದನಂತೆ. ಅಲ್ಲೇ ಕುಳಿತಿದ್ದ ಆ ಇಬ್ಬರೂ, ನಾವು ಇದನ್ನು ಎಂದೂ ಹೇಳಿಲ್ಲವಲ್ಲ ಎಂದರೆ, ಲೋಕದಲ್ಲಿ ಆ ಹೆಸರಿನವರು ನೀವಿಬ್ಬರೇ ಏನು, ನಾನು ಹದಿನೇಳು ಅಹ್ಮದ್ ಇಬ್ನ್ ಹಂಬಲರಿಂದ ಕೇಳಿ ಬರೆದುಕೊಂಡಿದ್ದೇನೆ ಎಂದನಂತೆ. ಸುಳ್ಳು ಹದೀಸಿನ ಅಪಾಯವನ್ನು ವಿವರಿಸಲು ಶತಮಾನಗಳಿಂದ ಹೇಳುತ್ತ ಬಂದ ಕಥೆ ಇದು. ಡಮಾಸ್ಕಸಿನ ಧಹಬಿ (ಮರಣ 1348) ಇದರ ಸರಪಳಿಯನ್ನೂ ತಟ್ಟಿ ನೋಡಿ, ಈ ಕಥೆಯೇ ಕಟ್ಟಿದ್ದಿರಬೇಕೆಂದು ಶಂಕಿಸಿದರು.

ಧರ್ಮಬೋಧೆಗಾಗಿ ಹದೀಸು ಕಟ್ಟುವುದು ಶುದ್ಧ ತಪ್ಪು ಎಂದು ಗಜ್ಜಾಲಿ ತಮ್ಮ 'ಇಹ್ಯಾ'ದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಆದರೆ ಅವರು ಹದೀಸ್ ಶಾಸ್ತ್ರದ ಪಂಡಿತರಲ್ಲ. ಆ ಗ್ರಂಥದೊಳಗೇ ದುರ್ಬಲ ವರದಿಗಳು ಹಲವು ಸೇರಿಕೊಂಡವು. ಮೂರು ಶತಮಾನಗಳ ನಂತರ ಕೈರೋದ ಇರಾಕಿ (ಮರಣ 1404) ಎಂಬ ವಿದ್ವಾಂಸರು ಕುಳಿತು ಆ ಪೂಜ್ಯಗ್ರಂಥದ ಹದೀಸುಗಳನ್ನು ಒಂದೊಂದಾಗಿ ಶೋಧಿಸಿದರು. 'ಇಹ್ಯಾ'ದ ಅನೇಕ ಅರಬ್ಬೀ ಮುದ್ರಣಗಳಲ್ಲಿ ಪುಟದ ಮೇಲ್ಭಾಗದಲ್ಲಿ ಗಜ್ಜಾಲಿಯ ಮಾತು. ಅದೇ ಪುಟದ ಅಡಿಯಲ್ಲಿ, ಸಣ್ಣ ಅಕ್ಷರಗಳಲ್ಲಿ, ಇದು ದುರ್ಬಲ, ಇದಕ್ಕೆ ಆಧಾರ ನನಗೆ ಸಿಗಲಿಲ್ಲ ಎಂಬ ಇರಾಕಿಯವರ ಟಿಪ್ಪಣಿ.